ಪುಟ್ಟಿಯ ಕೈಯಳತೆಗೆ ಕಟ್ಟಿದ ತರಕಾರಿ ಮಡಿ

ಮೊಮ್ಮಗಳಿಗೆ ಐದು ವರ್ಷ ಎರಡು ತಿಂಗಳು. ಯುಕೆಜಿ. ಮಧ್ಯಾಹ್ನ ಹನ್ನೆರಡೂವರೆಗೆ ಸ್ಕೂಲ್ ವ್ಯಾನ್ ಇಳಿದರೆ, ಸಂಜೆ ಅವಳ ಅಪ್ಪ ಅಮ್ಮ ಕೆಲಸ ಮುಗಿಸಿ ಬರುವವರೆಗೆ ನಮ್ಮ ಜೊತೆ ಇರುತ್ತಾಳೆ. ಮೈಸೂರಿನ ನಮ್ಮ ಮನೆ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಜಾಗ ಇದೆ. ಒಂದು ಸೀಬೆ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಈ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾವಿಬ್ಬರೂ ಸೇರಿ ಅಲ್ಲಿ ಒಂದು ಏರುಮಡಿ ಕಟ್ಟಿ ಸೊಪ್ಪು, ಹುರುಳಿಕಾಯಿ (ಬೀನ್ಸ್), ಬೆಂಡೆ ಬೆಳೆದೆವು. ಏನು ಮಾಡಿದೆವು, ಎಲ್ಲಿ ಕೆಟ್ಟಿತು, ಹೇಗೆ ಸರಿ ಮಾಡಿದೆವು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಮಗುವಿನ ಜೊತೆ ತೋಟ ಮಾಡಬೇಕು ಅಂದರೆ ಎಲ್ಲದರ ಅಳತೆಯನ್ನೂ ಆ ಮಗುವಿನಿಂದಲೇ ತೆಗೆದುಕೊಳ್ಳಬೇಕು. ಮಡಿಯ ಅಗಲ, ಕುರ್ಪಿಯ ಹಿಡಿ, ನೀರಿನ ಡಬ್ಬ, ಕೊನೆಗೆ ಯಾವ ಬೀಜ ಹಾಕಬೇಕು ಅನ್ನೋದನ್ನೂ. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು ನಾನು, ಅಳತೆ ಇಲ್ಲದೆ ಒಂದು ಮೊಳೆ ಹೊಡೆದವನಲ್ಲ. ಆದರೂ ಮೊದಲ ವಾರ ನನ್ನ ಅಳತೆಗೇ ಕಟ್ಟಿಬಿಟ್ಟೆ.

ಜೂನ್ 1

ಪಕ್ಕದ ಮನೆಯವರು ಕಾಂಪೌಂಡ್ ಕಟ್ಟಿ ಉಳಿಸಿದ್ದ ಸಾಲಿಡ್ ಬ್ಲಾಕ್‌ಗಳನ್ನು ಕೇಳಿ ತಂದೆ. 4 ಇಂಚಿನ ಬ್ಲಾಕ್, ಅಂದರೆ 16 ಇಂಚು ಉದ್ದ, 8 ಇಂಚು ಎತ್ತರ, 4 ಇಂಚು ದಪ್ಪ. ನಿಲ್ಲಿಸಿದರೆ 8 ಇಂಚಿನ ಗೋಡೆ ಆಗುತ್ತೆ. ಸೊಪ್ಪು ತರಕಾರಿಗೆ ಅಷ್ಟು ಎತ್ತರ ಸಾಕು, ಯಾಕಂದ್ರೆ ಕೆಳಗೆ ಸಿಮೆಂಟ್ ನೆಲ ಇಲ್ಲ, ಮಣ್ಣೇ ಇದೆ. ಆ ಮಣ್ಣನ್ನೂ ಹಾರೆಯಲ್ಲಿ ಒಂದು ಅಡಿ ಸಡಿಲ ಮಾಡಿದೆ. ಬೇರು ಇಳಿಯುತ್ತೆ, ಮಳೆ ನೀರೂ ನಿಲ್ಲಲ್ಲ.

ಉದ್ದಕ್ಕೆ ಐದೈದು ಬ್ಲಾಕ್, ಅಗಲಕ್ಕೆ ಎರಡೂ ತುದಿಯಲ್ಲಿ ಮೂರು ಮೂರು. ಒಟ್ಟು 16. ಒಳಗಿನ ಜಾಗ 6 ಅಡಿ ಉದ್ದ, 4 ಅಡಿ ಅಗಲ. ಗಾರೆ ಹಾಕಲಿಲ್ಲ, ಮುಂದೆ ಬಿಚ್ಚಬೇಕಾದರೆ ಸುಲಭ ಅಂತ. ಅದರ ಬದಲು ಪ್ರತಿ ಸಂದಿಗೂ ಹೊರಗಡೆಯಿಂದ 10 ಎಂಎಂ ಸರಳಿನ ಗೂಟ ಹೊಡೆದೆ, ಮಣ್ಣಿನ ಭಾರಕ್ಕೆ ಬ್ಲಾಕ್ ಹೊರಗೆ ವಾಲಬಾರದಲ್ವಾ. ಗೂಟದ ತಲೆ ಬ್ಲಾಕಿಗಿಂತ 2 ಇಂಚು ಕೆಳಗೇ ಇರಬೇಕು, ಮತ್ತೆ ಅದರ ಮೇಲೆ ಹಳೇ ನೀರಿನ ಪೈಪಿನ ತುಂಡು ಸಿಕ್ಕಿಸಬೇಕು. ಓಡಾಡುವ ಮಗು ಬಿದ್ದರೆ ಮೊಣಕಾಲಿಗೆ ಚುಚ್ಚುವ ಜಾಗ ಅದು. ಇದನ್ನು ಮಾತ್ರ ಮರೀಬೇಡಿ.

ಪುಟ್ಟಿಗೆ ರಸಮಟ್ಟದ ಕೆಲಸ ಕೊಟ್ಟೆ. ಬ್ಲಾಕಿನ ಮೇಲೆ ರಸಮಟ್ಟ ಇಟ್ಟು, ಮೂಗು ಅದಕ್ಕೆ ತಾಗುವಷ್ಟು ಬಗ್ಗಿ ನೋಡಿ, "ಗುಳ್ಳೆ ಆ ಕಡೆ ಓಡೋಯ್ತು ತಾತ" ಅಂತಿದ್ದಳು. ನಾನು ಬ್ಲಾಕಿನ ಕೆಳಗೆ ಒಂದು ಚಿಟಿಕೆ ಮಣ್ಣು ತೆಗೆಯೋದು, ಅವಳು ಮತ್ತೆ ನೋಡೋದು. ಹದಿನಾರೂ ಬ್ಲಾಕಿಗೆ ಹೀಗೇ ಮಾಡಿದೆವು. ಗುಳ್ಳೆ ಎರಡು ಗೆರೆಯ ಮಧ್ಯ ನಿಂತಾಗ ಉಸಿರು ಬಿಗಿಹಿಡಿದುಕೊಂಡು ಕೈ ಎತ್ತಿ "ನಿಲ್ಸು" ಅಂತಿದ್ದಳು, ಉಸಿರಾಡಿದರೆ ಗುಳ್ಳೆ ಅಲ್ಲಾಡುತ್ತೆ ಅಂತ.

ಮಣ್ಣಿನ ಲೆಕ್ಕ ಹೀಗೆ. ನಮ್ಮ ಬಾಂಡ್ಲಿ ತುಂಬಿದರೆ ಅರ್ಧ ಘನ ಅಡಿ. ಮಡಿಗೆ 16 ಘನ ಅಡಿ ಬೇಕು, ಅಂದರೆ 32 ಬಾಂಡ್ಲಿ. ಕೆಮ್ಮಣ್ಣು 16, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 8, ನೆನೆಸಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 8. ಕೋಕೋಪೀಟ್ 5 ಕೆಜಿಯ ಎರಡು ಇಟ್ಟಿಗೆ ತಂದಿದ್ದೆ, ಒಂದೊಂದೂ ನೀರು ಕುಡಿದು ಸುಮಾರು 70 ಲೀಟರ್ ಆಗುತ್ತೆ. ಅದು ಉಬ್ಬುವುದನ್ನು ನೋಡುತ್ತಾ ಪುಟ್ಟಿ ಟಬ್ಬಿನ ಪಕ್ಕದಿಂದ ಅರ್ಧ ಗಂಟೆ ಏಳಲಿಲ್ಲ. ಮೇಲೆ 2 ಕೆಜಿ ಬೇವಿನ ಹಿಂಡಿ. ಒಂದೊಂದು ಬಾಂಡ್ಲಿ ಹಾಕಿದಾಗಲೂ ಒಗೆಯುವ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿದಳು. ಗೊಬ್ಬರ ಹಸಿಯಾಗಿದ್ದರೆ ತರಲೇಬೇಡಿ, ಬಿಸಿ ಹೊಡೆದು ಮೊಳಕೆ ಸುಟ್ಟುಹೋಗುತ್ತೆ. ಕೈಗೆ ತಗೊಂಡರೆ ಟೀಪುಡಿ ಥರ ಉದುರಬೇಕು, ಸಗಣಿ ವಾಸನೆ ಇರಬಾರದು.

ಜೂನ್ 7

ಬೀಜ ಹಾಕುವ ಮೊದಲು ಮಣ್ಣು ಒಂದು ವಾರ ಕೂರಲಿ ಅಂತ ಬಿಟ್ಟಿದ್ದೆ. ದಿನಾ ಸ್ವಲ್ಪ ನೀರು ಚಿಮುಕಿಸುವ ಕೆಲಸ ಪುಟ್ಟಿಯದು. ಇವತ್ತು ನೋಡಿದರೆ ಮಡಿಯ ನಡುವೆ ಸಾಲಾಗಿ ಪುಟ್ಟ ಹೆಜ್ಜೆಗಳು. ಕೆಲವು ಹೆಜ್ಜೆಯಲ್ಲಿ ನೀರು ನಿಂತಿತ್ತು. ನಾನು ಗದರಿಬಿಟ್ಟೆ. "ಮಣ್ಣು ತುಳೀಬೇಡ ಅಂತ ಹೇಳಿರಲಿಲ್ವಾ?" ಅಂದೆ.

"ಮಧ್ಯದಲ್ಲಿ ಇರೋದಕ್ಕೆ ಬಾಯಾರಿಕೆ ಆಗುತ್ತಲ್ವಾ ತಾತ. ಕೈ ಸಿಗಲ್ಲ" ಅಂದಳು.

ಮಾತು ನಿಂತುಹೋಯಿತು. ಅವಳ ಕೈ ಎಲ್ಲಿಯವರೆಗೆ ಹೋಗುತ್ತೆ ಅಂತ ನಾನು ನೋಡೇ ಇರಲಿಲ್ಲ. ಅವಳ ಬೆರಳಿಗೆ ಸೀಮೆಸುಣ್ಣ ಬಳಿದು, ಬ್ಲಾಕಿನ ಹೊರಗೆ ಕುಕ್ಕರಗಾಲಲ್ಲಿ ಕೂರಿಸಿ, ಮುಂದಕ್ಕೆ ಬಗ್ಗಿ ಒಂದು ಹಲಗೆ ಮುಟ್ಟು ಅಂದೆ. ಬ್ಲಾಕಿನ ಹೊರ ಅಂಚಿನಿಂದ ಬಿಳಿ ಗುರುತಿಗೆ ಸರಿಯಾಗಿ 20 ಇಂಚು. ಮಡಿಯ ನಡು ಎಲ್ಲಿದೆ? ಬ್ಲಾಕಿನ ದಪ್ಪ 4, ಅರ್ಧ ಅಗಲ 24, ಒಟ್ಟು 28 ಇಂಚು. 8 ಇಂಚು ಕಮ್ಮಿ ಬೀಳುತ್ತೆ. ಅವಳು ಕಾಲಿಡದೆ ಬೇರೆ ದಾರಿಯೇ ಇರಲಿಲ್ಲ. 4 ಅಡಿ ಅನ್ನೋದು ದೊಡ್ಡವರು ಎರಡೂ ಕಡೆಯಿಂದ ಕೈ ಚಾಚುವ ಅಳತೆ.

ಮಾರನೇ ದಿನ ಬಿಚ್ಚಿದೆವು. ಎರಡೂ ತುದಿಯಿಂದ ಒಂದೊಂದು ಬ್ಲಾಕ್ ತೆಗೆದೆ, ಒಂದು ಉದ್ದನೆ ಗೋಡೆಯನ್ನು 16 ಇಂಚು ಒಳಗೆ ತಂದೆ. ಈಗ ಒಳಗಿನ ಅಗಲ 32 ಇಂಚು. ನಡುವಿಗೆ 16, ಬ್ಲಾಕಿಗೆ 4, ಒಟ್ಟು 20. ಸರಿಹೋಯಿತು. ಮೂರರಲ್ಲಿ ಒಂದು ಭಾಗ ಮಣ್ಣು ಉಳಿಯಿತು, ಹತ್ತು ಹನ್ನೊಂದು ಬಾಂಡ್ಲಿ. ಕರಿಬೇವಿನ ಬುಡಕ್ಕೆ ಸ್ವಲ್ಪ, ಮಿಕ್ಕಿದ್ದನ್ನು ಎರಡು ಗ್ರೋ ಬ್ಯಾಗಿಗೆ. ತೆಗೆದ ಎರಡು ಬ್ಲಾಕನ್ನು ಮಲಗಿಸಿ ಒಂದರ ಮೇಲೊಂದು ಇಟ್ಟರೆ 8 ಇಂಚಿನ ಪೀಠ ಆಯಿತು. ಅಂಚನ್ನು ಹಳೇ ಅರದಲ್ಲಿ ಉಜ್ಜಿ ನುಣ್ಣಗೆ ಮಾಡಿದೆ. ಅದು ಪುಟ್ಟಿಯ ಜಾಗ, ಅವಳಜ್ಜಿ ಬಂದು ಕೂತರೂ ಎಬ್ಬಿಸುತ್ತಾಳೆ.

ನೀವು ಕಟ್ಟುವಾಗ ಬ್ಲಾಕಿನ ದಪ್ಪ ಮರೀಬೇಡಿ. 6 ಇಂಚಿನ ಬ್ಲಾಕ್ ಇಟ್ಟರೆ ಅಷ್ಟು ಕೈ ಅಲ್ಲೇ ಖರ್ಚಾಗುತ್ತೆ. ಎರಡೂ ಕಡೆ ಮಗು ಕೂರಲು ಒಂದೂವರೆ ಅಡಿ ದಾರಿಯೂ ಬೇಕು.

ಜೂನ್ 14

ಕುರ್ಪಿ. ಅಂಗಡಿಯ ಮಕ್ಕಳ ಸೆಟ್ ಒಂದು ತಂದಿದ್ದೆ, ಪ್ಲಾಸ್ಟಿಕ್, ಎರಡನೇ ದಿನಕ್ಕೇ ಕತ್ತು ಮುರಿಯಿತು. ನನ್ನ ಕುರ್ಪಿ ಕೊಟ್ಟರೆ ಹಿಡಿಯ ಸುತ್ತ ಅವಳ ಬೆರಳು ಸುತ್ತಲ್ಲ. ಹಿಡಿ 32 ಎಂಎಂ ಇದೆ. ಎರಡು ಕೈಯಲ್ಲಿ ಹಿಡಿದು ಕುಟ್ಟುತ್ತಿದ್ದಳು, ಅದು ಅಪಾಯ.

ಮನೆಯಲ್ಲಿ ಹಿಡಿ ಹೋಗಿದ್ದ ಹಳೇ ಕುರ್ಪಿಯ ಅಲಗು ಒಂದಿತ್ತು. ಹೋದ ವರ್ಷ ಸವರಿದ್ದ ಸೀಬೆ ಕೊಂಬೆ ಒಣಗಿ ಕಲ್ಲಾಗಿತ್ತು. ಸೀಬೆ ಮರ ಗಟ್ಟಿ, ಸಿಬಿರು ಕಮ್ಮಿ ಏಳುತ್ತೆ, ಹಿಡಿಗೆ ಬಹಳ ಚೆನ್ನ. ಎಷ್ಟು ದಪ್ಪ ಬೇಕು ಅಂತ ನೋಡಲು ನನ್ನ ಹತ್ತಿರ ಇದ್ದ ಪೈಪ್ ತುಂಡುಗಳನ್ನೆಲ್ಲ ಒಂದೊಂದಾಗಿ ಅವಳ ಕೈಗೆ ಕೊಟ್ಟೆ. ಹೆಬ್ಬೆರಳು ತೋರುಬೆರಳಿನ ತುದಿಗೆ ತಾಗಬೇಕು, ಅದು ಸರಿಯಾದ ಹಿಡಿತ. 22 ಎಂಎಂನಲ್ಲಿ ತಾಗಿತು. ಉದ್ದ 4 ಇಂಚು.

ಮೊದಲ ಹಿಡಿ ಸೀಳಿತು. ಹಳೇ ಪದ್ಧತಿಯಲ್ಲಿ ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಸೀದಾ ಮರಕ್ಕೆ ಇಳಿಸಿದ್ದೆ. ದಪ್ಪ ಹಿಡಿ ಆಗಿದ್ದರೆ ತಡೆಯುತ್ತಿತ್ತು, ಇಷ್ಟು ಸಣ್ಣದಕ್ಕೆ ಆಗಲ್ಲ. ಎರಡನೇದಕ್ಕೆ ಮೊದಲು 5 ಎಂಎಂ ತೂತು ಕೊರೆದೆ, ಬಾಯಿಗೆ ಜಿಐ ಪೈಪಿನ ಅರ್ಧ ಇಂಚಿನ ತುಂಡನ್ನು ಬಳೆಯ ಹಾಗೆ ಬಿಗಿದೆ, ಆಮೇಲೆ ಕಾದ ಬಾಲ ಇಳಿಸಿ ತಕ್ಷಣ ನೀರಿಗೆ ಅದ್ದಿದೆ. ಕೂತಿದೆ, ಅಲ್ಲಾಡಲ್ಲ. 80 ನಂಬರ್ ಮರಳು ಕಾಗದ, ಆಮೇಲೆ 150, ಕೊನೆಗೆ ಕೊಬ್ಬರಿ ಎಣ್ಣೆ. ಅಲಗಿನ ಚೂಪನ್ನು ಅರದಲ್ಲಿ ಪೂರ್ತಿ ಮೊಂಡು ಮಾಡಿದೆ, ಸಡಿಲ ಮಣ್ಣು ಕೆದಕಲು ಚೂಪು ಬೇಕಿಲ್ಲ. ಕಾಯಿಸುವ ಕೆಲಸ ಅವಳು ಸ್ಕೂಲಲ್ಲಿದ್ದಾಗ ಮುಗಿಸಿದ್ದೆ.

ನೀರಿನ ಡಬ್ಬಕ್ಕೂ ಅದೇ ಕಥೆ. 5 ಲೀಟರಿನ ಹೂವಿನ ಕ್ಯಾನ್ ತುಂಬಿದರೆ 5 ಕಿಲೋ ದಾಟುತ್ತೆ, ಪುಟ್ಟಿಯ ತೂಕವೇ 17 ಕಿಲೋ. ಒಂದು ಲೀಟರ್ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾದ ದಬ್ಬಣದಲ್ಲಿ ಒಂಬತ್ತು ತೂತು ಮಾಡಿದೆ. ಬಾಟಲಿಯ ಹಿಂಭಾಗದಲ್ಲೂ ಒಂದು ತೂತು ಬೇಕು, ಇಲ್ಲದಿದ್ದರೆ ಗಾಳಿ ಹೋಗದೆ ನೀರು ಗೊಳಕ್ ಗೊಳಕ್ ಅಂತ ಬೀಳುತ್ತೆ. ಆ ತೂತಿಗೆ ಅವಳು ಹೆಬ್ಬೆರಳು ಇಟ್ಟರೆ ನೀರು ನಿಲ್ಲುತ್ತೆ, ತೆಗೆದರೆ ಸುರಿಯುತ್ತೆ. ಇದನ್ನು ಅವಳೇ ಕಂಡುಹಿಡಿದಿದ್ದು. ಮಳೆ ಇಲ್ಲದ ದಿನ ಈ ಮಡಿಗೆ ಆರು ಬಾಟಲಿ. ಆರು ಸಲ ನಲ್ಲಿಗೆ ಹೋಗಿ ಬರುತ್ತಾಳೆ, ಒಂದೊಂದು ಸಲಕ್ಕೂ ಪೀಠದ ಮೇಲೆ ಒಂದು ಕಲ್ಲು ಇಡುತ್ತಾಳೆ.

ಜೂನ್ 22

ಆರಿದ್ರಾ ಮಳೆ ಹಿಡಿಯಿತು. ಮೈಸೂರಿನಲ್ಲಿ ಈ ತಿಂಗಳು ಜೋರು ಮಳೆ ಕಮ್ಮಿ, ಸೋನೆಯೇ ಜಾಸ್ತಿ. ಬೀಜಕ್ಕೆ ಒಳ್ಳೇದು.

ಎತ್ತರಕ್ಕೆ ಬೆಳೆಯುವ ಬೆಂಡೆ ಉತ್ತರದ ತುದಿಗೆ, ನೆರಳು ಬೇರೆಯದರ ಮೇಲೆ ಬೀಳಬಾರದು ಅಂತ. ನಡುವೆ ಹುರುಳಿಕಾಯಿ. ದಕ್ಷಿಣಕ್ಕೆ ಮೆಂತ್ಯ, ಹರಿವೆ, ಕೊತ್ತಂಬರಿ. ಹುರುಳಿಕಾಯಿ ಅರ್ಕಾ ಕೋಮಲ್, ಬೆಂಡೆ ಅರ್ಕಾ ಅನಾಮಿಕಾ, ಹರಿವೆ ಅರ್ಕಾ ಸುಗುಣ. ಮೂರೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು. ಕೋಮಲ್ ಗಿಡ್ಡ ಗಿಡ, ಚಪ್ಪರ ಬೇಡ, ಕಾಯಿ ಪುಟ್ಟಿಯ ಕಣ್ಣಿನ ಮಟ್ಟದಲ್ಲೇ ಬಿಡುತ್ತೆ. ಅನಾಮಿಕಾ ಬೆಂಡೆಯ ಎಲೆಗೆ ಬರುವ ಹಳದಿ ನಂಜು ರೋಗ ತಡೆಯಲೆಂದೇ ಮಾಡಿದ ತಳಿ. ಸುಗುಣ ಕೊಯ್ದಷ್ಟೂ ಮತ್ತೆ ಚಿಗುರುತ್ತೆ.

ಟೇಪು ಒಳಗಿಟ್ಟೆ. ಅವಳ ಗೇಣು 5 ಇಂಚು. ಹುರುಳಿಕಾಯಿಗೆ ಗಿಡದಿಂದ ಗಿಡಕ್ಕೆ ಒಂದು ಗೇಣು, ಸಾಲಿನಿಂದ ಸಾಲಿಗೆ ಮೂರು ಗೇಣು. ಬೆಂಡೆಗೆ ಎರಡು ಗೇಣು, ಮೇಲೆ ನಾಲ್ಕು ಬೆರಳು. ಆಳಕ್ಕೂ ಬೆರಳೇ: ಹುರುಳಿಕಾಯಿ ಎರಡನೇ ಗೆಣ್ಣಿನವರೆಗೆ, ಮೆಂತ್ಯ ಉಗುರು ಮುಚ್ಚುವಷ್ಟು. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆದು ಕೊಡುವುದನ್ನು ಅವಳು ಅಜ್ಜಿ ಜೊತೆ ಹೋಗಿ ನೋಡಿದ್ದಾಳೆ, ಹಾಗಾಗಿ ಕೈಯಿಂದ ಅಳೆಯೋದು ಅವಳಿಗೆ ಹೊಸದೇನಲ್ಲ. ನಾಲಗೆ ಹೊರಗೆ ಚಾಚಿಕೊಂಡು, ಹೆಬ್ಬೆರಳು ಇಟ್ಟಲ್ಲೇ ಇಟ್ಟು, ಕಿರುಬೆರಳನ್ನು ಆದಷ್ಟೂ ಎಳೆದು ಗೇಣು ಹಾಕುತ್ತಿದ್ದಳು. ಸಾಲಿಗೆ ಆರರಂತೆ ಮೂರು ಸಾಲು, ಹದಿನೆಂಟು ಗುಳಿ, ಎಲ್ಲ ಅವಳದೇ.

ಆದರೆ ಹುರುಳಿಕಾಯಿ ಪ್ಯಾಕೆಟ್ ಒಡೆದರೆ ಕಾಳೆಲ್ಲ ಗುಲಾಬಿ ಬಣ್ಣ. "ತಾತ, ಜೆಮ್ಸ್!" ಅಂತ ಕೈ ಚಾಚಿದಳು. ತಕ್ಷಣ ಪ್ಯಾಕೆಟ್ ಮೇಲೆತ್ತಿದೆ. ಬೀಜಕ್ಕೆ ಬಳಿದ ಆ ಬಣ್ಣ ಚೆಂದಕ್ಕಲ್ಲ, ಬೂಸ್ಟು ಹಿಡಿಯದಿರಲಿ ಅಂತ ಥೈರಾಂ ಥರದ ಔಷಧಿ ಹಾಕಿರುತ್ತಾರೆ ಅನ್ನೋದರ ಗುರುತು ಅದು. ಮಕ್ಕಳ ಕೈಗೆ ಕೊಡುವ ಹಾಗೇ ಇಲ್ಲ. ನಾನು ಕೈಚೀಲ ಹಾಕಿಕೊಂಡು ಗುಳಿಗೆ ಎರಡೆರಡು ಕಾಳು ಬಿಟ್ಟೆ, ಅವಳು ಕುರ್ಪಿಯಲ್ಲಿ ಮಣ್ಣು ಎಳೆದು ಮುಚ್ಚಿದಳು. ಕಾಳು ತಾನು ಹಾಕಲಿಲ್ಲ ಅಂತ ಮುಖ ಊದಿತ್ತು. ಅಡುಗೆಮನೆ ಡಬ್ಬದ ಮೆಂತ್ಯ, ಕೊತ್ತಂಬರಿ ಪೂರ್ತಿ ಅವಳಿಗೇ ಬಿಟ್ಟೆ. ಕೊತ್ತಂಬರಿ ಬೀಜವನ್ನು ಚಪ್ಪಲಿ ಕಾಲಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು, ಒಂದೊಂದು ಹೋಳಿನಲ್ಲೂ ಒಂದೊಂದು ಬೀಜ ಇರುತ್ತೆ. ಆ ಕೆಲಸದಲ್ಲಿ ಸಿಟ್ಟು ಇಳಿಯಿತು.

ಹರಿವೆ ನಾನು ಕೆಡಿಸಿದೆ. ಕತ್ತಲಾಗುತ್ತಿತ್ತು, ಬಾಟಲಿ ಬಿಟ್ಟು ಚೊಂಬಿನಲ್ಲಿ ನೀರು ಹಾಕಿಬಿಟ್ಟೆ. ಸಾಸಿವೆಗಿಂತ ಸಣ್ಣ ಬೀಜ, ಎಲ್ಲ ತೇಲಿ ಒಂದು ಮೂಲೆಗೆ ಹೋಯಿತು. ಉಳಿದದ್ದನ್ನು ಮಾರನೇ ದಿನ ಇರುವೆ ಸಾಲಾಗಿ ಹೊತ್ತುಕೊಂಡು ಹೋಗುತ್ತಿದ್ದವು. ಜುಲೈ 1ಕ್ಕೆ ಮತ್ತೆ ಹಾಕಿದೆವು: ಒಂದು ಚಮಚ ಬೀಜಕ್ಕೆ ಹತ್ತು ಚಮಚ ಮರಳು ಬೆರೆಸಿ, ರಂಗೋಲಿ ಎಳೆಯುವ ಹಾಗೆ ಬಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಅದರ ಮೇಲೆ ನೀರು. ಮಡಿಯ ಸುತ್ತ ಅಕ್ಕಿ ಹಿಟ್ಟು ಉದುರಿಸಿದೆವು, ಇರುವೆ ಅದನ್ನು ಹೊರುವುದರಲ್ಲಿ ಬೀಜ ಬಿಡುತ್ತವೆ. ಮೊಳಕೆ ಕಂಡ ತಕ್ಷಣ ಗೋಣಿ ತೆಗೆಯಬೇಕು. ನಾಲ್ಕನೇ ದಿನ ಕಂಡಿತು.

ಜೂನ್ 25

ಮೂರನೇ ದಿನಕ್ಕೆ ಮೂರು ಗುಳಿ ಅಗೆದು ನೋಡಿದ್ದಾಳೆ. "ಬದುಕಿದ್ಯಾ ಅಂತ ನೋಡ್ತಿದ್ದೆ" ಅಂದಳು. ಔಷಧಿ ಕಾಳು, ಮೊದಲು ಕೈ ಸೋಪಿನಲ್ಲಿ ತೊಳೆಸಿದೆ. ಆಮೇಲೆ ಯೋಚನೆ ಮಾಡಿದೆ. ಹುರುಳಿಕಾಯಿಗೆ ಆರೇಳು ದಿನ ಬೇಕು. ಐದು ವರ್ಷದ ಮಗು ಏನೂ ಕಾಣದ ಮಣ್ಣನ್ನು ಆರು ದಿನ ನೋಡುತ್ತಾ ಕೂರಬೇಕು ಅಂದರೆ ಹೇಗೆ?

ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತೊಳೆದೆ. ಒಳಗೆ ಒದ್ದೆ ಬಟ್ಟೆ ತುರುಕಿ, ಗಾಜಿಗೂ ಬಟ್ಟೆಗೂ ನಡುವೆ ಅಡುಗೆಮನೆಯ ಐದು ಅಲಸಂದೆ ಕಾಳು ಇಳಿಸಿದೆವು. ಬಾಟಲಿ ಅವಳ ಕಿಟಕಿಯಲ್ಲಿ. ಇದನ್ನು ಎಷ್ಟು ಸಲ ಬೇಕಾದರೂ ನೋಡಬಹುದು, ಮಡಿಯ ಗುಳಿ ಮುಟ್ಟಬಾರದು, ಇದು ನಮ್ಮ ಒಪ್ಪಂದ. ಎರಡನೇ ದಿನ ಬಿಳೀ ಬೇರು ಇಣುಕಿತು. ಒಂದು ಕಾಳು ತಲೆಕೆಳಗಾಗಿತ್ತು, ಅದರ ಬೇರು ಮೊದಲು ಮೇಲಕ್ಕೆ ಬಂದು, ಆಮೇಲೆ ಕೊಕ್ಕೆ ಥರ ಬಾಗಿ ಕೆಳಗೆ ಇಳಿಯಿತು. ಸ್ಕೂಲಿಗೆ ಹೊರಡುವ ಮೊದಲು, ಬಂದ ಮೇಲೆ, ಮಲಗುವ ಮೊದಲು ನೋಡುತ್ತಿದ್ದಳು. "ಅದಕ್ಕೆ ಕಣ್ಣಿಲ್ಲ, ಕೆಳಗೆ ಯಾವ ಕಡೆ ಅಂತ ಹೆಂಗೆ ಗೊತ್ತಾಯ್ತು?" ಅಂತ ಕೇಳಿದಳು. ಭೂಮಿ ಎಳೆಯೋದು ಬೇರಿನ ತುದಿಗೆ ಗೊತ್ತಾಗುತ್ತೆ ಕಂದಾ, ಅಂದೆ. ಬಾಟಲಿಯನ್ನು ಅಡ್ಡ ಮಲಗಿಸಿ ಒಂದು ದಿನ ಬಿಟ್ಟೆವು. ಐದೂ ಬೇರು ಮತ್ತೆ ಕೆಳಕ್ಕೆ ತಿರುಗಿದವು. ಗುಳಿ ಅಗೆಯೋದು ಅವತ್ತಿಗೇ ನಿಂತಿತು. 28ನೇ ತಾರೀಕು ಹುರುಳಿಕಾಯಿ ಕತ್ತು ಬಗ್ಗಿಸಿಕೊಂಡು ಮಣ್ಣೊಡೆದು ಬಂದಾಗ, ಒಳಗೆ ಏನಾಗಿರುತ್ತೆ ಅಂತ ಅವಳೇ ಅಜ್ಜಿಗೆ ಹೇಳುತ್ತಿದ್ದಳು.

ಜುಲೈ

ಬಸವನಹುಳು. ಒಂದೇ ರಾತ್ರಿಗೆ ಮೆಂತ್ಯದ ಒಂದು ಪಟ್ಟಿ ಬೋಳು. ದೊಡ್ಡ ಚಿಪ್ಪಿನ ಆಫ್ರಿಕನ್ ಬಸವನಹುಳು ಇದು. ಪುಟ್ಟಿಗೆ ಅದರ ಕೊಂಬು ಒಳಗೆ ಹೋಗಿ ಹೊರಗೆ ಬರೋದು ಆಟ. ಆದರೆ ಬರಿಗೈಯಲ್ಲಿ ಮುಟ್ಟಿಸಬೇಡಿ. ಮಿದುಳಿಗೆ ತೊಂದರೆ ಮಾಡುವ ಒಂದು ಜಂತು ಅದರಲ್ಲಿ ಇರಬಹುದು, ಅದು ಹರಿದಾಡಿದ ಸೊಪ್ಪನ್ನು ತೊಳೆಯದೆ ತಿನ್ನಲೂಬಾರದು. ಸಂಜೆ ಮಡಿಯ ಪಕ್ಕ ಒದ್ದೆ ಗೋಣಿಚೀಲ, ಅದರ ಕೆಳಗೆ ಪರಂಗಿ ಎಲೆ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಎಲ್ಲ ಅಲ್ಲಿ ಸೇರಿರುತ್ತವೆ. ಪುಟ್ಟಿ ಇಕ್ಕಳದಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಮೊದಲ ದಿನ 23. ಉಪ್ಪುನೀರಿಗೆ ಹಾಕುವ ಕೆಲಸ ನನ್ನದು. ಏನು ಮಾಡ್ತೀಯಾ ಅಂತ ಕೇಳಿದಾಗ ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಗಿಡಾನೂ ಬದುಕಬೇಕಲ್ವಾ" ಅಂತ ಎದ್ದು ಹೋದಳು. ಎರಡು ವಾರದಲ್ಲಿ ದಿನಕ್ಕೆ ಒಂದೆರಡಕ್ಕೆ ಇಳಿಯಿತು.

ಉಳಿದ ಮೆಂತ್ಯವನ್ನು 18ಕ್ಕೆ ಕಿತ್ತೆವು. ಅವತ್ತು ಮೆಂತ್ಯದ ರೊಟ್ಟಿ.

ಆಗಸ್ಟ್ 13

ಹುರುಳಿಕಾಯಿ ಕೊಯ್ಲು, ಬೀಜ ಹಾಕಿ 52 ದಿನಕ್ಕೆ. ಮೊದಲ ಕಾಯಿಯನ್ನು ಒಂದೇ ಕೈಯಲ್ಲಿ ಎಳೆದಳು, ಗಿಡವೇ ಬೇರು ಸಮೇತ ಕೈಗೆ ಬಂತು. ತೇವದ ಸಡಿಲ ಮಣ್ಣಿನಲ್ಲಿ ಹಾಗೆ ಆಗುತ್ತೆ. ಎಡಗೈಯಲ್ಲಿ ಟೊಂಗೆ ಹಿಡಿ, ಬಲಗೈಯಲ್ಲಿ ಕಾಯಿಯ ತೊಟ್ಟು ಮುರಿ ಅಂತ ನಾಲ್ಕು ಸಲ ತೋರಿಸಿದೆ, ಐದನೇದಕ್ಕೆ ಬಂತು. ಅವತ್ತು ಮುಕ್ಕಾಲು ಕಿಲೋ. ಬೆಂಡೆಗೆ ಮೊಂಡು ಕತ್ತರಿ ಕೊಟ್ಟೆ, ತುಂಬು ತೋಳಿನ ಅಂಗಿ ಹಾಕಿಸಿದೆ, ಆ ಗಿಡದ ಸುಂಗು ತಾಗಿದರೆ ಕೈ ನವೆ ಬರುತ್ತೆ. ಎಳೇ ಬೆಂಡೆಯನ್ನು ತೊಳೆದು ಅಲ್ಲೇ ಪೀಠದ ಮೇಲೆ ಕೂತು ಹಸಿಯಾಗಿ ತಿಂದಳು. ಅಜ್ಜಿ ಮಾಡಿದ ಪಲ್ಯ ಮಾತ್ರ ಮುಟ್ಟಲಿಲ್ಲ.

ಅಕ್ಟೋಬರ್ 2

ನಾಲ್ಕು ಹುರುಳಿಕಾಯಿ ಕೊಯ್ಯದೆ ಗಿಡದಲ್ಲೇ ಬಿಟ್ಟಿದ್ದೆವು, ದಾರ ಕಟ್ಟಿ ಗುರುತು ಮಾಡಿ. ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತಿದ್ದವು. ಕೋಮಲ್ ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಎತ್ತಿಟ್ಟರೆ ಮುಂದಿನ ಸಲ ಇದೇ ಗಿಡ ಬರುತ್ತೆ. ಸಿಪ್ಪೆಯನ್ನು ಅವಳೇ ಉಗುರಲ್ಲಿ ಬಿಡಿಸಿದಳು. 21 ಕಾಳು. ತಟ್ಟೆಯಲ್ಲಿ ಮೂರು ದಿನ ನೆರಳಲ್ಲಿ ಒಣಗಿಸಿ, ಸ್ವಲ್ಪ ಬೇವಿನ ಎಲೆಯ ಜೊತೆ ಕಾಗದದ ಪೊಟ್ಟಣ ಕಟ್ಟಿದೆವು.

ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ "ಹರಳಕಯ" ಅಂತ ಬರೆದು ನನ್ನ ಕೈಗೆ ಕೊಟ್ಟಳು. "ಇದಕ್ಕೆ ಬಣ್ಣ ಇಲ್ಲ ತಾತ. ಇದನ್ನ ನಾನೇ ಹಾಕ್ತೀನಿ."

ಹ್ಞೂಂ, ಅಂದೆ. ಅವತ್ತು ಸಂಜೆ ಅವಳ ಗೇಣು ಮತ್ತೆ ಅಳೆದೆ. 5 ಇಂಚು, ಮೇಲೆ ಒಂದು ನೂಲು.